ದಿಲ್ಲಿ ಚಳಿಗೆ ಇಳಕಲ್ ಸೀರೆ

ಮೊಮ್ಮಗಳ ಮದುವೆ ದಿಲ್ಲಿಯಲ್ಲಿ ಎಂದು ನಿಶ್ಚಯವಾಯಿತು. ಧನುರ್ಮಾಸ ಕಳೆದು, ಸಂಕ್ರಾಂತಿ ಮುಗಿದು, ಜನವರಿಯ ಕೊನೆಯ ವಾರ. ಅಲ್ಲಿಯ ಮದುವೆ ನಮ್ಮಂತೆ ಬೆಳಿಗ್ಗೆ ಕಲ್ಯಾಣ ಮಂಟಪದೊಳಗೆ ಮುಗಿಯುವುದಲ್ಲ. ರಾತ್ರಿ ಹೊತ್ತು, ಬಯಲಿನಲ್ಲಿ, ಶಾಮಿಯಾನದ ಕೆಳಗೆ. ಹುಡುಗಿಗೆ ಚಿಕ್ಕಂದಿನಿಂದ ಉಬ್ಬಸ. ಥಂಡಿಗಾಳಿ ಸೋಕಿದರೆ ಎದೆ ಗೊರಗೊರ ಅನ್ನುತ್ತದೆ. ಮನೆಯಲ್ಲಿ ಎಲ್ಲರೂ ಲೆಹೆಂಗಾದ ಬಣ್ಣದ ಮಾತಾಡುತ್ತಿದ್ದರು. ನನ್ನ ಚಿಂತೆ ಅದರ ತೋಳಿನದು. ತೋಳೇ ಇರಲಿಲ್ಲ.

ಒಂದು ದಿನ ಅವಳೇ ಅಜ್ಜಿಯ ಟ್ರಂಕು ತೆರೆದು ಕೂತಳು. ನನ್ನ ಹೆಂಡತಿ ತೀರಿಕೊಂಡು ಎರಡು ವರ್ಷ. 1978ರ ಮಾಘದಲ್ಲಿ, ಬೆಳಗಿನ ಜಾವದ ಮುಹೂರ್ತಕ್ಕೆ ನಡುಗುತ್ತಾ ಆಕೆ ಉಟ್ಟಿದ್ದ ಇಳಕಲ್ ಸೀರೆ ಅದರಲ್ಲಿತ್ತು. ನೂಲಿನ ಮೈ ಮಡಿಕೆ ಮಡಿಕೆಗೂ ಹರಿದಿತ್ತು. ರೇಷ್ಮೆಯ ಕೆಂಪು ಸೆರಗು ಮಾತ್ರ ಹಾಗೇ ಇತ್ತು.

"ಅಜ್ಜಾ, ಈ ಸೆರಗಿಗೆ ಹೊಸ ಮೈ ಹಾಕಿಸೋಕೆ ಆಗುತ್ತಾ?"

ದೀಪಾವಳಿಗೆ ಮುಂಚೆ ಇಬ್ಬರೂ ಹೊರಟೆವು. ಹೊಸಪೇಟೆವರೆಗೆ ರೈಲು, ಅಲ್ಲಿಂದ ಕುಷ್ಟಗಿ ಮೇಲೆ ಬಸ್ಸು. ಇಳಕಲ್ ಬಾಗಲಕೋಟೆ ಜಿಲ್ಲೆಯ ಊರು. ಸೀರೆಗೆ ಹೇಗೋ ಕೆಂಪು ಗ್ರಾನೈಟಿಗೂ ಹಾಗೆಯೇ ಹೆಸರು. ಹಿಂದೆ ಮೂರು ವರ್ಷ ಅಲ್ಲಿ ನಾನು ಬ್ಯಾಂಕಿನ ಗುಮಾಸ್ತನಾಗಿದ್ದೆ. 'ಕುಣಿಮಗ್ಗ ಒಂದು' ಎಂದು ಎಷ್ಟೋ ಸಾಲದ ಅರ್ಜಿಗಳಲ್ಲಿ ಬರೆದಿದ್ದೇನೆ. ಆದರೆ ಒಬ್ಬ ನೇಕಾರನ ಮನೆಯ ಹೊಸ್ತಿಲನ್ನೂ ದಾಟಿರಲಿಲ್ಲ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಾರೆ, ಅದಕ್ಕೇ ಆ ಹೆಸರು ಎಂದು ಎಪ್ಪತ್ತು ದಾಟಿದ ಮೇಲೆ ಮೊಮ್ಮಗಳ ಜೊತೆ ನಿಂತು ತಿಳಿದುಕೊಂಡೆ.

ನೇಕಾರ ಹಳೆಯ ಸೆರಗನ್ನು ಬೆಳಕಿಗೆ ಹಿಡಿದು ನೋಡಿದರು. ಮೂರು ಕೆಂಪು ಪಟ್ಟಿ, ನಡುನಡುವೆ ಎರಡು ಬಿಳಿ ಪಟ್ಟಿ. ಟೋಪ್ ತೆನೆ ಸೆರಗು ಅನ್ನುತ್ತಾರೆ. ಆಮೇಲೆ ತಲೆ ಅಲ್ಲಾಡಿಸಿದರು.

"ಆಗಂಗಿಲ್ರೀ ಸಾಹೇಬ್ರ. ಕೊಂಡಿ ಬೀಳೂದು ನೂಲಿಗೆ. ನೇದ ಬಟ್ಟಿಗೆ ಎಲ್ಲಿಂದ ಕೊಂಡಿ ಹಾಕ್ಲಿ?"

ಈ ಪುಟ ಓದುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು. 'ಹಾಸುಹೊಕ್ಕು' ಎನ್ನುತ್ತೇವಲ್ಲ, ಬಟ್ಟೆಯ ಉದ್ದಕ್ಕೆ ಓಡುವ ಎಳೆ ಹಾಸು, ಅಡ್ಡ ಬರುವುದು ಹೊಕ್ಕು. ಇಳಕಲ್ ಸೀರೆಯಲ್ಲಿ ಮೈಯ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ನೇಯುವ ಮೊದಲು ಮೈಯ ಒಂದೊಂದು ಎಳೆಯನ್ನೂ ಸೆರಗಿನ ಒಂದೊಂದು ಎಳೆಯೊಳಗೆ ಕೊಂಡಿಯಂತೆ ಸಿಕ್ಕಿಸುತ್ತಾರೆ. ಆಮೇಲೆಯೇ ಹೊಕ್ಕು. ಹಾಗಾಗಿ ಪ್ರತಿ ಸೀರೆಗೂ ಹಾಸು ಹೊಸದಾಗಿ ಹೂಡಬೇಕು. ಒಂದೇ ಉದ್ದ ಹಾಸು ಹೂಡಿ ಹತ್ತು ಸೀರೆ ನೇದು ಕತ್ತರಿಸಲು ಬರುವುದಿಲ್ಲ. ನಾನು ಸಾಲದ ಕಂತು ತಡವಾಯಿತೆಂದು ನೋಟೀಸು ಬರೆಯುತ್ತಿದ್ದುದು ಈ ಕೆಲಸ ಮಾಡುವವರಿಗೆ.

ಹುಡುಗಿಯ ಮುಖ ಬಾಡಿತು. ಅದನ್ನು ನೋಡಿಯೋ ಏನೋ, ಮದುವೆ ಎಲ್ಲಿ, ಯಾವಾಗ ಎಂದು ಅವರೇ ವಿಚಾರಿಸಿದರು. ದಿಲ್ಲಿ, ಜನವರಿ, ರಾತ್ರಿ ಎಂದಾಗ ಮುಂದಿಟ್ಟಿದ್ದ ನೂಲಿನ ಸೀರೆಗಳನ್ನು ಪಕ್ಕಕ್ಕೆ ಸರಿಸಿದರು.

"ಇಬ್ಬನಿ ಬಿದ್ರ ನೂಲು ಥಣ್ಣಗಾಕ್ಕೈತಿ ತಂಗಿ. ಮೈ, ಸೆರಗ ಎರಡೂ ರೇಷ್ಮಿ ಇರಲಿ."

ಹೊಳೆಯುವ ಇನ್ನೊಂದು ಬಗೆಯೂ ಅಲ್ಲಿತ್ತು, ಕೃತಕ ರೇಷ್ಮೆ. ಅಗ್ಗ. ಆದರೆ ಅದು ಕಣ್ಣಿಗೆ ರೇಷ್ಮೆ, ಮೈಗಲ್ಲ. ಅವಳು ದಾಳಿಂಬೆ ಬಣ್ಣದ ಪೂರ್ತಿ ರೇಷ್ಮೆಯದನ್ನು ನೇಯಲು ಹೇಳಿದಳು. ಗೋಮಿ ದಡಿ ಇರಲಿ ಎಂದಳು, ಅಜ್ಜಿಯದೂ ಅದೇ.

ಚಹಾ ತಂದ ಮನೆಯಾಕೆ ಇಷ್ಟೂ ಹೊತ್ತು ಸುಮ್ಮನಿದ್ದವರು, ಮಡಚಿಟ್ಟ ಹಳೇ ಸೀರೆ ಮುಟ್ಟಿ, "ಹರದ ಸೀರಿ ಕಡೀಕ ಎಲ್ಲಿಗೆ ಹೋಗತಾವ? ಕೌದಿ ಹೊಲಸ್ರಿ. ಶಾಲಿನಷ್ಟು ಸಣ್ಣದು ಸಾಕು. ಹರದ ಮೈ ಒಳಗ, ಸೆರಗ ಮ್ಯಾಲ" ಎಂದರು. ನಮಗಿದು ಹೊಳೆದಿರಲಿಲ್ಲ. ಕೌದಿ ಹೊದ್ದೇ ಬೆಳೆದವನು ನಾನು!

ಮರುದಿನ ರವಿಕೆಗೆ ಗುಳೇದಗುಡ್ಡದ ಖಣ. ಅದರ ಅಗಲ ಕಡಿಮೆ. ಉದ್ದ ತೋಳಿನ ರವಿಕೆಗೆ ಎರಡು ಬೇಕಾದವು. ಒಳಗೆ ಫ್ಲಾನೆಲ್ ಅಸ್ತರು ಕೊಡಿಸುವುದೆಂದು ಬಸ್ಸಿನಲ್ಲೇ ತೀರ್ಮಾನವಾಯಿತು.

ಎಳ್ಳಮಾವಾಸ್ಯೆ ಹೊತ್ತಿಗೆ ಸೀರೆಯೂ ಕೌದಿಯೂ ಬಂದವು. ಲೆಹೆಂಗಾ ಕೈಬಿಟ್ಟದ್ದಕ್ಕೆ ಸೊಸೆ ನಾಲ್ಕು ದಿನ ನನ್ನೊಡನೆ ಮಾತು ಬಿಟ್ಟಿದ್ದಳು. ಸೀರೆ ಬಿಡಿಸಿದ ಮೇಲೆ ಚಹಾ ಕೇಳುವಷ್ಟು ಮಾತು ಬಂತು.

ಮದುವೆಯ ರಾತ್ರಿ ಮಗನ ಮೊಬೈಲು ಏಳು ಡಿಗ್ರಿ ತೋರಿಸುತ್ತಿತ್ತು. ಫೋಟೋಗಳಿಗೆ ಕೌದಿ ತೆಗೆಯುವುದು, ಮತ್ತೆ ಹೊದೆಯುವುದು, ಹೀಗೇ ನಡೆಯಿತು. ಉಬ್ಬಸದ ಔಷಧ ನನ್ನ ಕೋಟಿನ ಜೇಬಿನಲ್ಲೇ ಉಳಿಯಿತು. ನಡುರಾತ್ರಿ ಹುಡುಗನ ಅಜ್ಜಿ ಬಂದು ಅವಳ ಪಕ್ಕ ಕೂತರು. ಕೌದಿಯ ಹೊಲಿಗೆಗಳ ಮೇಲೆ ಬೆರಳಾಡಿಸಿ, ಇದೇನೆಂದು ಹಿಂದಿಯಲ್ಲಿ ಕೇಳಿದರು. ನನ್ನ ಬ್ಯಾಂಕಿನ ಹಿಂದಿಯಲ್ಲಿ ಹೇಳಿದೆ: ಇವಳ ಅಜ್ಜಿಯ ಮದುವೆ ಸೀರೆ. ಆಕೆ ಏನೂ ಅನ್ನಲಿಲ್ಲ. ಅದರ ಒಂದು ತುದಿ ಎಳೆದು ತಮ್ಮ ಮೊಣಕಾಲ ಮೇಲೂ ಹೊದ್ದುಕೊಂಡರು.