ವೃದ್ಧ ಶಿಕ್ಷಕರ ಪ್ರಶ್ನೆ

ಹಲವು ವರ್ಷಗಳ ಹಿಂದೆ ಒಂದು ಶಿವಾನುಭವ ಗೋಷ್ಠಿಯಲ್ಲಿ ಅಹಿಂಸೆಯನ್ನು ಕುರಿತು ಮಾತನಾಡುವ ಅವಕಾಶ ನನಗೆ ಒದಗಿತ್ತು. ಸ್ವಿಟ್ಜರ್ಲೆಂಡಿನ ಜನತೆ 1893ರಲ್ಲಿ ಮತದಾನ ಮಾಡಿ, ಮೊದಲು ಪ್ರಜ್ಞೆ ತಪ್ಪಿಸದೆ ಪ್ರಾಣಿವಧೆ ಮಾಡಕೂಡದೆಂಬ ನಿಯಮವನ್ನು ತಮ್ಮ ಸಂವಿಧಾನದಲ್ಲಿಯೇ ಬರೆಯಿಸಿದರೆಂದು ಹೆಮ್ಮೆಯಿಂದ ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು. ಪ್ರಸಾದದ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ವೃದ್ಧ ಶಿಕ್ಷಕರೊಬ್ಬರು ಮೆಲ್ಲನೆ ಕೇಳಿದರು: “ಅಲ್ಲೋ ತಮ್ಮಾ, ಆಮ್ಯಾಲ ಆ ಮಂದಿ ಮಾಂಸಾ ತಿನ್ನೂದು ಬಿಟ್ಟರೇನು?”

ನನ್ನಲ್ಲಿ ಉತ್ತರವಿರಲಿಲ್ಲ. ಆ ನಾಚಿಕೆಯೇ ನನ್ನನ್ನು ಓದಿಗೆ ಹಚ್ಚಿತು.

ಯೆಹೂದ್ಯರಲ್ಲಿ ವಧೆಯ ಕಾರ್ಯವನ್ನು ಯಾರು ಬೇಕಾದರೂ ಮಾಡುವಂತಿಲ್ಲ. ಶಾಸ್ತ್ರಾಭ್ಯಾಸ ಮಾಡಿ ಪರೀಕ್ಷೆಗೊಳಗಾದ ‘ಶೋಖೆತ್’ ಎಂಬವನಿಗೇ ಆ ಅಧಿಕಾರ. ಅವನು ಕತ್ತಿಯ ಅಲಗನ್ನು ಉಗುರಿನ ಮೇಲೆ ಎಳೆದು ಪರೀಕ್ಷಿಸುತ್ತಾನೆ. ಕೂದಲೆಳೆಯಷ್ಟು ಮುಕ್ಕು ಕಂಡರೂ ಅದು ನಿಷಿದ್ಧ. ಕೊಯ್ಯುವಾಗ ನಡುವೆ ತಡೆಯಕೂಡದು, ಒತ್ತಕೂಡದು, ಅಲಗು ಮರೆಯಾಗಕೂಡದು, ಸ್ಥಾನ ತಪ್ಪಕೂಡದು, ಹರಿಯಕೂಡದು. ಇವುಗಳಲ್ಲಿ ಒಂದು ತಪ್ಪಿದರೂ ಮಾಂಸ ಅಭಕ್ಷ್ಯ. ಪ್ರಾಣಿಗೆ ಮರಣ ಆದಷ್ಟು ಸುಲಭವಾಗಲೆಂದೇ ಈ ವಿಧಿಯೆಂದು ಮೈಮೊನಿಡೀಸ್ ಎಂಬ ಪಂಡಿತ (ನಮ್ಮ ಶರಣರ 12ನೆಯ ಶತಮಾನದಲ್ಲಿಯೇ ಬಾಳಿದವನು) ವಿವರಿಸಿದ್ದಾನೆ. ಪ್ರಜ್ಞೆ ತಪ್ಪಿಸುವ ಹೊಡೆತ ಪ್ರಾಣಿಯನ್ನು ಮೊದಲೇ ಗಾಯಗೊಳಿಸುವುದರಿಂದ ಆ ಶಾಸ್ತ್ರಕ್ಕೆ ಅದು ಸಮ್ಮತವಲ್ಲ.

ಸ್ವಿಸ್ ಮತದಾನದಲ್ಲಿ ನೂರಕ್ಕೆ ಸುಮಾರು 60 ಮತಗಳು ನಿಷೇಧದ ಪರವಾಗಿ ಬಿದ್ದವು. ಪ್ರಾಣಿದಯಾ ಸಂಘಗಳು ಮುಂದೆ ನಿಂತದ್ದು ನಿಜ; ಅವುಗಳೊಡನೆ ಯೆಹೂದ್ಯದ್ವೇಷವೂ ಮತ ಹಾಕಿತು. ನಾನು ಓದದೆ ಬಿಟ್ಟಿದ್ದ ಪುಟವದು. ಹಿಟ್ಲರನು ಅಧಿಕಾರಕ್ಕೆ ಬಂದು ಮೂರು ತಿಂಗಳು ತುಂಬುವ ಮೊದಲೇ, 1933ರ ಏಪ್ರಿಲ್ 21ರಂದು, ಜರ್ಮನಿಯಲ್ಲಿಯೂ ಇಂಥದೇ ಕಾನೂನಾಯಿತು. ದನದ ಕೊರಳಿಗೆ ಮರುಗಿದವರು ಮುಂದೆ ಮಾಡಿದ್ದನ್ನು ಬರೆಯಲು ಲೇಖನಿ ಏಳುವುದಿಲ್ಲ. ಬರ್ಲಿನ್ನಿನ ರಬ್ಬಿ ವೈನ್‌ಬರ್ಗರು ವಿದ್ಯುತ್ತಿನಿಂದ ಪ್ರಜ್ಞೆ ತಪ್ಪಿಸಲು ಏನಾದರೂ ದಾರಿಯುಂಟೇ ಎಂದು ಶಾಸ್ತ್ರಗಳನ್ನೆಲ್ಲ ಶೋಧಿಸಿದರು. ಹಿರಿಯ ರಬ್ಬಿಗಳು ಒಪ್ಪಲಿಲ್ಲ.

ಹಾಗೆಂದು ಪ್ರಾಣಿಯ ನೋವು ಸುಳ್ಳಾಗುವುದಿಲ್ಲ. ಕೊರಳು ಕೊಯ್ದ ದನಕ್ಕೆ ಕೆಲವೊಮ್ಮೆ ಪ್ರಜ್ಞೆ ಬೇಗನೆ ಹೋಗುವುದಿಲ್ಲವೆಂದು ಪರೀಕ್ಷೆಗಳು ತೋರಿಸಿವೆ. ಅಮೆರಿಕದಲ್ಲಿ ಎಚ್ಚರವಿದ್ದ ದನವನ್ನೇ ಕಾಲಿಗೆ ಸರಪಳಿ ಬಿಗಿದು ಮೇಲೆತ್ತುತ್ತಿದ್ದರು. ಶಾಸ್ತ್ರ ಹಾಗೆ ಹೇಳಿರಲಿಲ್ಲ. ಟೆಂಪಲ್ ಗ್ರ್ಯಾಂಡಿನ್ ಎಂಬ ವಿದುಷಿ, ದನವು ಬೆದರದೆ ನಿಂತೇ ಇರುವಂತಹ ಕಟ್ಟುಗಳನ್ನು ರೂಪಿಸಲು ಶ್ರಮಿಸಿದರು. ಇಡೀ ವಿವಾದದಲ್ಲಿ ನನಗೆ ಹೆಚ್ಚು ಗೌರವವೆನಿಸಿದ್ದು ಈ ಕೆಲಸ. ಬೆಲ್ಜಿಯಮ್ಮಿನ ನಿಷೇಧವನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2024ರಲ್ಲಿ ಎತ್ತಿಹಿಡಿದಿದೆ; ಅಲ್ಲಿನ ಯೆಹೂದ್ಯರೂ ಮುಸಲ್ಮಾನರೂ ನೊಂದಿದ್ದಾರೆ.

ಆ ಶಿಕ್ಷಕರು ಈಗಿಲ್ಲ. ಇದ್ದಿದ್ದರೆ ಹೇಳುತ್ತಿದ್ದೆ: ಬಿಡಲಿಲ್ಲ ಗುರುಗಳೇ. ಸ್ವಿಟ್ಜರ್ಲೆಂಡಿನ ಯೆಹೂದ್ಯರು ಇಂದಿಗೂ ಹೊರದೇಶದಿಂದ ದನದ ಮಾಂಸ ತರಿಸಿಕೊಳ್ಳುತ್ತಾರೆ. ಉಳಿದವರು ತಮ್ಮ ಊರಿನ ಕಸಾಯಿಖಾನೆಯದನ್ನೇ ಉಣ್ಣುತ್ತಾರೆ.