ಅಂದೋಲಾದ ಹೊಲದಲ್ಲಿ ನನ್ನ ದುಬಾರಿ ವಾಚು

"ಎಷ್ಟು ಕೊಟ್ಟಿ ತಮ್ಮಾ ಇದಕ್ಕ?"

ಊರಿಗೆ ಹೋದ ಮೊದಲ ದಿನವೇ ಅಪ್ಪ ಕೇಳಿದರು. ನಿಜ ಹೇಳುವ ಧೈರ್ಯ ಬರಲಿಲ್ಲ. "ಐದು ಸಾವಿರ" ಅಂದೆ. ಇಪ್ಪತ್ತೆರಡು ಸಾವಿರದ ವಾಚು ಅದು.

"ಐದು ಸಾವಿರಾ? ರೊಟ್ಟಿ ಬಡೀತದೇನು ಇದು?" ಅಂತ ಅಡುಗೆಮನೆಯಿಂದ ಅವ್ವ.

ರೊಟ್ಟಿ ಬಡಿಯೋದೊಂದು ಬಿಟ್ಟು ಉಳಿದದ್ದೆಲ್ಲ ಮಾಡುತ್ತೆ ಅಂತ ನಂಬಿಯೇ ತಗೊಂಡಿದ್ದೆ. ಎತ್ತರ ಹೇಳುತ್ತೆ, ಗಾಳಿಯ ಒತ್ತಡ ಅಳೆಯುತ್ತೆ, ದಿಕ್ಕು ತೋರಿಸುತ್ತೆ, ಉಷ್ಣತೆ, ಸೂರ್ಯೋದಯ, ಸೂರ್ಯಾಸ್ತ, ಬಿರುಗಾಳಿ ಎಚ್ಚರಿಕೆ ಎಲ್ಲ ಇದೆ. ಬಿಸಿಲಲ್ಲೇ ಚಾರ್ಜ್ ಆಗುತ್ತೆ. ಮುಳ್ಳಯ್ಯನಗಿರಿ, ಕುಮಾರ ಪರ್ವತ ಹತ್ತೋಕೆ ಅಂತ ತಗೊಂಡಿದ್ದು. ಆದರೆ ಆಫೀಸಿನ ರಿಲೀಸ್ ಗಡಿಬಿಡಿಯಲ್ಲಿ ಬೆಟ್ಟ ತಪ್ಪಿತು. ಕೊನೆಗೆ ಮೇ ತಿಂಗಳಲ್ಲಿ ಒಂದು ವಾರ ರಜೆ ಸಿಕ್ಕಿ ಹೊರಟಿದ್ದು ಬೆಟ್ಟವೇ ಇಲ್ಲದ ನಮ್ಮೂರಿಗೆ. ಜೇವರ್ಗಿ ತಾಲ್ಲೂಕಿನ ಅಂದೋಲಾಕ್ಕೆ.

ರೈಲಿನಲ್ಲಿ ಇಳಿದ ಎತ್ತರ

ಬೆಂಗಳೂರಲ್ಲಿ ರೈಲು ಹತ್ತಿದಾಗ ವಾಚು 900 ಮೀಟರ್ ಮೇಲೆ ತೋರಿಸುತ್ತಿತ್ತು. ರಾತ್ರಿಯೆಲ್ಲ ಎಚ್ಚರವಾದಾಗೊಮ್ಮೆ ಬಟನ್ ಒತ್ತಿ ನೋಡಿದೆ. ಗುಂತಕಲ್, ರಾಯಚೂರು ದಾಟುವಷ್ಟರಲ್ಲಿ ಅರ್ಧಕ್ಕರ್ಧ ಇಳಿದಿತ್ತು. ನಾವು ಒಂದು ಬೆಟ್ಟ ಇಳಿದ ಹಾಗೇ ಊರಿಗೆ ಬರುತ್ತೇವೆ ಅನ್ನೋದು ಇಷ್ಟು ವರ್ಷ ಓಡಾಡಿದರೂ ಗೊತ್ತಿರಲಿಲ್ಲ.

ಇಂಥ ವಾಚು ಇರೋರಿಗೆ ಒಂದು ಉಪಯೋಗದ ಮಾತು. ಇದು ಎತ್ತರವನ್ನು ನೇರವಾಗಿ ಅಳೆಯೋದಿಲ್ಲ. ಗಾಳಿಯ ಒತ್ತಡ ಅಳೆದು ಲೆಕ್ಕ ಹಾಕುತ್ತೆ. ಒತ್ತಡ 1 ಹೆಕ್ಟೋಪಾಸ್ಕಲ್ ಕಡಿಮೆಯಾದರೆ ನೀವು ಸುಮಾರು 9 ಮೀಟರ್ ಮೇಲೆ ಹೋದಿರಿ ಅಂತ ತಿಳಿದುಕೊಳ್ಳುತ್ತೆ. ಹವೆ ಬದಲಾದರೂ ಒತ್ತಡ ಬದಲಾಗುತ್ತಲ್ಲ, ಅದಕ್ಕೇ ಆಗಾಗ ಗೊತ್ತಿರುವ ಎತ್ತರಕ್ಕೆ ಸರಿಪಡಿಸಬೇಕು. ಗೊತ್ತಿರುವ ಎತ್ತರ ಎಲ್ಲಿ ಸಿಗುತ್ತೆ? ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ! ಊರ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಮೀಟರ್ ಅಂತ ಸಣ್ಣದಾಗಿ ಬರೆದಿರುತ್ತಾರೆ. ಕಲಬುರಗಿಯಲ್ಲಿ ಇಳಿದವನೇ ಬ್ಯಾಗು ಕೆಳಗಿಟ್ಟು ವಾಚು ಸರಿಮಾಡಿಕೊಂಡೆ.

ಅಲ್ಲಿಂದ ಕೆಂಪು ಬಸ್ಸು. ಕಟ್ಟಿ ಸಂಗಾವಿ ಹತ್ತಿರ ಭೀಮಾ ನದಿಯ ಸೇತುವೆ, ಆಮೇಲೆ ಜೇವರ್ಗಿ, ಆಮೇಲೆ ನಮ್ಮೂರು. ನಿಜಾಮರ ಕಾಲದಲ್ಲಿ ತಾಲ್ಲೂಕಿಗೇ ಅಂದೋಲಾ ಅಂತ ಹೆಸರಿತ್ತು. ಈಗ ಜೇವರ್ಗಿ ತಾಲ್ಲೂಕಿನ ಒಂದು ಊರು. ಸುತ್ತ ಕಪ್ಪು ಎರಿ ಭೂಮಿ, ತೊಗರಿ, ಜೋಳ, ಹತ್ತಿ. ಮೇನಲ್ಲಿ ಅದೂ ಇಲ್ಲ. ಹೊಲ ಬಿರುಕು ಬಿಟ್ಟು ಮಳೆಗೆ ಕಾಯುತ್ತಿರುತ್ತೆ.

ಕಟ್ಟೆ ಮೇಲೆ ಕೂತವನು 35 ಮೀಟರ್ ಏರಿದ

ಮರುದಿನ ಬೆಳಿಗ್ಗೆ ಹತ್ತಕ್ಕೆ ಮನೆ ಕಟ್ಟೆ ಮೇಲೆ ಕೂತು ಎತ್ತರ ನೋಡಿಕೊಂಡೆ. ಸಂಜೆ ನಾಲ್ಕಕ್ಕೆ ಅದೇ ಕಟ್ಟೆ, ಅದೇ ನಾನು. ವಾಚಿನ ಪ್ರಕಾರ 35 ಮೀಟರ್ ಮೇಲೆ ಹೋಗಿದ್ದೆ! ಕೆಟ್ಟೇ ಹೋಯಿತು ಅಂದುಕೊಂಡೆ. ಓದಿದಾಗ ತಿಳಿಯಿತು: ನಮ್ಮಂಥ ಬಿಸಿಲ ನಾಡಲ್ಲಿ ಗಾಳಿಯ ಒತ್ತಡ ಸಮುದ್ರದ ಉಬ್ಬರ ಇಳಿತದ ಹಾಗೆ ದಿನಕ್ಕೆ ಎರಡು ಸಲ ಏರಿ ಇಳಿಯುತ್ತೆ. ಹಗಲು, ರಾತ್ರಿ ಹತ್ತರ ಸುಮಾರಿಗೆ ಹೆಚ್ಚು, ನಾಲ್ಕರ ಸುಮಾರಿಗೆ ಕಡಿಮೆ. ವಾಚು ಸರಿಯಾಗೇ ಇತ್ತು.

ಉಷ್ಣತೆಯದೂ ಹೀಗೇ. ಕೈಯಲ್ಲಿದ್ದಾಗ 36 ಡಿಗ್ರಿ ತೋರಿಸುತ್ತಿತ್ತು. ಅದು ನನ್ನ ಮೈಶಾಖ. ಬಿಚ್ಚಿ ಬೇವಿನ ಮರದ ನೆರಳಲ್ಲಿ ಅರ್ಧ ಗಂಟೆ ತೂಗುಹಾಕಿದ ಮೇಲೆ 41 ಅಂತು. ದಿಕ್ಸೂಚಿ ಟ್ರ್ಯಾಕ್ಟರ್ ಪಕ್ಕ ನಿಂತರೆ ಹುಚ್ಚುಚ್ಚಾಗಿ ತಿರುಗುತ್ತಿತ್ತು. ಸೂರ್ಯೋದಯ ದಿನಾ 15 ನಿಮಿಷಕ್ಕಿಂತ ಹೆಚ್ಚು ತಪ್ಪು. ಯಾಕೆ ಅಂತ ನೋಡಿದರೆ, ವಾಚಿನ ಪಟ್ಟಿಯಲ್ಲಿ ಇಡೀ ಭಾರತಕ್ಕೆ ಇದ್ದದ್ದು ದೆಹಲಿ ಒಂದೇ. ಡೀಫಾಲ್ಟ್ ಸೆಟ್ಟಿಂಗ್ ನಂಬಬಾರದು ಅಂತ ಆಫೀಸಲ್ಲಿ ಜೂನಿಯರ್‌ಗಳಿಗೆ ಪಾಠ ಮಾಡೋನು ನಾನೇ. ಅಂದೋಲಾದ ಅಕ್ಷಾಂಶ, ರೇಖಾಂಶ ಹಾಕಿದ ಮೇಲೆ ಸರಿಹೋಯಿತು.

ಅಷ್ಟರಲ್ಲಿ ಅಪ್ಪ ಅಂಗಳ ನೋಡಿ, "ಹೊತ್ತು ನೆತ್ತಿ ಮ್ಯಾಲ ಬಂತು, ಊಟಕ್ಕ ಏಳ್ರಿ" ಅಂದರು. ವಾಚಲ್ಲಿ 12:20. "ಅಪ್ಪಾ, ಹನ್ನೆರಡಕ್ಕೇ ನೆತ್ತಿ ಮ್ಯಾಲ ಬರಬೇಕಲ್ಲ?" ಅಂತ ಕೆಣಕಿದೆ. ಆದರೆ ಅಪ್ಪನದೇ ಸರಿ. ಭಾರತದ ಗಡಿಯಾರ ನಡೆಯೋದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಮೇಲೆ. ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ, ಸೂರ್ಯ ನಮ್ಮ ನೆತ್ತಿಗೆ ಬರೋದು ತಡ. ಮೇ 7–8ರ ಸುಮಾರಿಗೆ ನಮ್ಮ ಕಡೆ ನೆಟ್ಟ ಕೋಲಿನ ನೆರಳು ಮಧ್ಯಾಹ್ನ ಪೂರ್ತಿ ಮಾಯವಾಗುತ್ತೆ. ಅಂಗಳದಲ್ಲಿ ಕೋಲು ನಿಲ್ಲಿಸಿ ನೋಡಿದೆ, ನೆರಳು ಬುಡದಲ್ಲೇ ಅಡಗಿತ್ತು.

ಕೂಗದ ಅಲಾರಂ

ಬಿರುಗಾಳಿ ಅಲಾರಂ ಬಗ್ಗೆ ನನಗೆ ದೊಡ್ಡ ನಂಬಿಕೆ. ಒತ್ತಡ ಸರ್ರನೆ ಇಳಿದರೆ ಅದು ಕೂಗುತ್ತೆ. ಬೇಗ ಗೊತ್ತಾಗಲಿ ಅಂತ ಮಿತಿಯನ್ನು ಕಡಿಮೆ ಮಾಡಿಟ್ಟಿದ್ದೆ. ಪರಿಣಾಮ, ಎರಡು ದಿನ ಮಧ್ಯಾಹ್ನ ಒಂದು ಮೋಡವೂ ಇಲ್ಲದಾಗ ಕೂಗಿತು. ಅದು ದಿನನಿತ್ಯದ ಇಳಿತವನ್ನೇ ಬಿರುಗಾಳಿ ಅಂದುಕೊಂಡಿತ್ತು. ಮನೆಯವರೆಲ್ಲ ನಕ್ಕರು. ಮಿತಿ ಮತ್ತೆ ಮೊದಲಿನಂತೆ ಮಾಡಿದೆ.

ಐದನೇ ದಿನ ಸಂಜೆ ನಾಲ್ಕರ ಮೇಲೆ ಅಪ್ಪನ ಜೊತೆ ಹೊಲದಲ್ಲಿದ್ದೆ. ಭೀಮಾ ನದಿ ಕಡೆ ಆಕಾಶ ಕಪ್ಪಾಯಿತು. ವಾಚು ಸುಮ್ಮನಿತ್ತು. ಇಂಥ ಮೋಡ ಗಂಟೆಯೊಳಗೇ ಎದ್ದುಬಿಡುತ್ತವೆ, ಅದಕ್ಕೆ ಮೊದಲೇ ಒತ್ತಡ ಇಳಿಯಲೇಬೇಕು ಅಂತಿಲ್ಲ. ಮೋಡದಿಂದ ತಣ್ಣನೆ ಗಾಳಿ ನುಗ್ಗಿದಾಗ ಒತ್ತಡ ಏರುತ್ತೆ ಕೂಡ. ನನ್ನ ಅಲಾರಂ ಇಳಿಯೋದನ್ನು ಮಾತ್ರ ಕಾಯುತ್ತಿತ್ತು. ಫೋನಲ್ಲಿ ಸಿಡಿಲು ಎಚ್ಚರಿಕೆಯ ದಾಮಿನಿ ಆ್ಯಪ್ ಇತ್ತು, ಹೊಲದಲ್ಲಿ ನೆಟ್‌ವರ್ಕ್ ಇರಲಿಲ್ಲ.

ಮಿಂಚಿತು. ಯಾಕೋ ಸ್ಟಾಪ್‌ವಾಚ್ ಒತ್ತಿದೆ. ಗುಡುಗು ಕೇಳಿದಾಗ 24 ಸೆಕೆಂಡ್. ಶಬ್ದ ಒಂದು ಕಿಲೋಮೀಟರ್ ಬರೋಕೆ ಸುಮಾರು 3 ಸೆಕೆಂಡ್ ಬೇಕು. ಅಂದರೆ ಸಿಡಿಲು 8 ಕಿ.ಮೀ. ದೂರದಲ್ಲಿ. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್‌ಗಿಂತ ಕಡಿಮೆ ಇದ್ದರೆ ಬಯಲಲ್ಲಿ ಇರಬಾರದು, ಗಟ್ಟಿ ಕಟ್ಟಡದ ಒಳಗೆ ಹೋಗಬೇಕು ಅನ್ನೋದು ಸುರಕ್ಷತೆಯ ಲೆಕ್ಕ.

"ಅಪ್ಪಾ, ನಡೀರಿ" ಅಂದೆ. ಅಪ್ಪ ಹೊರಟರು. ಪಕ್ಕದ ಹೊಲದ ಕಾಕಾ ಹೊರಡಲಿಲ್ಲ. ಕಣಕಿ ಬಣವಿಗೆ ತಾಡಪಾಲು ಹಾಕುತ್ತಿದ್ದರು, ಎತ್ತು ಬೇವಿನ ಮರಕ್ಕೆ ಕಟ್ಟಿದ್ದರು.

"ಕಾಕಾ, ಬರ್ರಿ!"

"ಕಣಕಿ ತೋಯ್ದರ ದನಕ್ಕ ಏನ್ ಹಾಕ್ಲಿ? ನೀವು ನಡೀರಿ, ಬಂದೆ."

ಮತ್ತೆ ಮಿಂಚು. ಈ ಸಲ 15. ಕಾಕಾನ ಹತ್ತಿರ ಓಡಿ ವಾಚು ತೋರಿಸಿದೆ. "ಆಗ ಇಪ್ಪತ್ನಾಕಿತ್ತು, ಈಗ ಹದಿನೈದು. ನಮ್ಮ ಕಡೀಗೇ ಬರಾಕತ್ತದ." ಮುಂದಿನ ಮಿಂಚಿಗೆ ಅವರೇ ವಾಚು ನೋಡುತ್ತಾ ನಿಂತರು. ಒಂಬತ್ತು. ಕಾಕಾ ತಾಡಪಾಲು ಅಲ್ಲೇ ಬಿಟ್ಟು ಎತ್ತು ಬಿಚ್ಚಿದರು. ಮೂವರೂ ಊರ ಅಂಚಿನ ಶಾಲೆಗೆ ಓಡಿದೆವು. ಎತ್ತುಗಳು ನಮಗಿಂತ ಮುಂದಿದ್ದವು. ಒಳಗೆ ಕಾಲಿಟ್ಟಾಗ ಮಿಂಚು, ಗುಡುಗು ಒಟ್ಟಿಗೇ ಬರುತ್ತಿದ್ದವು. ನನ್ನ ಕೈ ನಡುಗುತ್ತಿತ್ತು.

ಮಳೆ ನಿಂತು ಅರ್ಧ ಗಂಟೆ ಕಳೆದ ಮೇಲೆ ಹೋಗಿ ನೋಡಿದರೆ ಬೇವಿನ ಮರ ಹಾಗೇ ನಿಂತಿತ್ತು. ಕಣಕಿ ಮಾತ್ರ ತೊಯ್ದು ತಪ್ಪಡಿಯಾಗಿತ್ತು. "ಸುಮ್ಮನ ಓಡಿಸಿದಿ ನೋಡು" ಅಂದರು ಕಾಕಾ. ಅವರಿಗೆ ಬೇಸರವಾಗಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಪ್ರತಿ ಬೇಸಿಗೆ ನಮ್ಮ ಕಡೆಯ ಪೇಪರಿನಲ್ಲಿ ಮರದ ಕೆಳಗೆ ನಿಂತಿದ್ದ ರೈತನ ಸುದ್ದಿ ಬರುತ್ತೆ. ಓಡಿಹೋಗಿ ಬದುಕಿದವರ ಸುದ್ದಿ ಬರೋದಿಲ್ಲ. ಮರುದಿನ ನಾನೂ ಅಪ್ಪನೂ ಹೋಗಿ ಕಣಕಿ ಬಿಡಿಸಿ ಒಣಹಾಕಿ ಬಂದೆವು.

ಅಪ್ಪನ ಎಚ್‌ಎಂಟಿ

ಆ ರಾತ್ರಿ ಅಪ್ಪ ತಮ್ಮ ಹಳೆಯ ಎಚ್‌ಎಂಟಿ ಬಿಚ್ಚಿ ಕೈಗೆ ಕೊಟ್ಟರು. ದಿನಾ ಕೀಲಿ ಕೊಡುವ ವಾಚು. 1961ರಲ್ಲಿ ಜಪಾನಿನ ಸಿಟಿಜನ್ ಸಹಾಯದಿಂದ ಬೆಂಗಳೂರಲ್ಲಿ ಶುರುವಾದ ಎಚ್‌ಎಂಟಿಯ ವಾಚು ವ್ಯವಹಾರ ಮುಚ್ಚಿದ್ದು 2016ರಲ್ಲಿ. ಅಪ್ಪನ ವಾಚು ಇನ್ನೂ ನಡೆಯುತ್ತಿದೆ.

"ಇದರಾಗೂ ಸೆಕೆಂಡ್ ಮುಳ್ಳ ಅದಲ್ಲ. ಎಣಿಸಬಹುದಲ್ಲ?"

ಎಣಿಸಬಹುದಿತ್ತು. ಇಪ್ಪತ್ತೆರಡು ಸಾವಿರದ ವಾಚಿನಲ್ಲಿ ಅವತ್ತು ಕೆಲಸಕ್ಕೆ ಬಂದದ್ದು ಅದೊಂದೇ ಗುಣ. ವಾಚು ತಗೊಂಡದ್ದಕ್ಕೆ ಹಾಗಂತ ಬೇಜಾರಿಲ್ಲ. ಆ ವಾರ ನಮ್ಮೂರಿನ ಬಿಸಿಲು, ಗಾಳಿ, ನೆರಳು ಹೇಗೆ ನಡೆಯುತ್ತವೆ ಅಂತ ಕಲಿತಷ್ಟು ಅಲ್ಲೇ ಬೆಳೆದ ಹದಿನೆಂಟು ವರ್ಷದಲ್ಲಿ ಕಲಿತಿರಲಿಲ್ಲ. ನೀವು ತಗೊಳ್ಳೋದಾದರೆ, ತಗೊಂಡ ದಿನವೇ ನಿಮ್ಮೂರಿನ ಅಕ್ಷಾಂಶ, ರೇಖಾಂಶ ಹಾಕಿ, ಸ್ಟೇಷನ್ ಬೋರ್ಡು ನೋಡಿ ಎತ್ತರ ಸರಿಮಾಡಿ. ಅಲಾರಂ ಕೂಗಲಿಲ್ಲ ಅಂತ ಆಕಾಶ ನೋಡೋದು ಬಿಡಬೇಡಿ.

ಜೂನ್ ಮೊದಲ ವಾರ ಅಪ್ಪ ಫೋನ್ ಮಾಡಿದ್ದರು. ಮಳೆ ಹೆಂಗದ ಅಂತ ಕೇಳಿದೆ.

"ನಿನ್ನಿ ಸಂಜಿಗಿ ಗುಡುಗಿತ್ತು. ಕಾಕಾನೇ ಎಣಿಸ್ದ. ಹನ್ನೆರಡಿತ್ತು. ಎಲ್ಲಾರೂ ಒಳಗ ಬಂದ್ವಿ."

ವಾಚಿನ ಬೆಲೆ ಮಾತ್ರ ಇನ್ನೂ ಹೇಳಿಲ್ಲ.