ದಾವಣಗೆರೆಯಿಂದ ಹರಿಹರಕ್ಕೆ: ಗುರುವನ್ನು ಕರೆಯುವ ಮಾತುಗಳು

ಕಳೆದ ಶ್ರಾವಣದಲ್ಲಿ ನಾವು ದಾವಣಗೆರೆಗೆ ಹೋಗಬೇಕಾಗಿ ಬಂದಿತು. ನಿಮಿತ್ತ ಸಣ್ಣದು. ಬಾಲ್ಯದಲ್ಲಿ ನಮಗೆ ವ್ಯಾಕರಣವನ್ನೂ ವಚನಗಳನ್ನೂ ಕಲಿಸಿದ ಮೇಷ್ಟ್ರು ಲಿಂಗೈಕ್ಯರಾಗಿ ಒಂಬತ್ತು ವರ್ಷಗಳಾದವು. ಅವರ ಶಿಷ್ಯರು ಕೆಲವರು ಸೇರಿ ಹರಿಹರದ ಸಮೀಪ, ಅವರ ಹುಟ್ಟೂರಿನಲ್ಲಿ, ಮಕ್ಕಳಿಗಾಗಿ ಒಂದು ಓದುವ ಕೋಣೆಯನ್ನು ಕಟ್ಟಿಸಿದ್ದಾರೆ. ಅದರ ಬಾಗಿಲ ಪಕ್ಕದಲ್ಲಿ ಒಂದು ಶಿಲಾಫಲಕ ನಿಲ್ಲಬೇಕು. ಅದರ ಮೇಲಿನ ಬರಹವನ್ನು ಸಿದ್ಧಪಡಿಸುವ ಹೊಣೆ ನಮ್ಮದಾಗಿತ್ತು. ಹೆಸರಿನಲ್ಲಿ ತಕರಾರಿಲ್ಲ, ವರ್ಷಗಳಲ್ಲಿ ತಕರಾರಿಲ್ಲ. ಹೆಸರಿನ ಹಿಂದೆ ಯಾವ ಮಾತನ್ನು ಇಡಬೇಕೆಂಬಲ್ಲಿಯೇ ತೊಡಕು ಬಂದಿತು.

ಒಬ್ಬರು 'ಶ್ರೀ ಗುರು' ಎಂದು ಇರಲಿ ಎಂದರು. ಇನ್ನೊಬ್ಬರು 'ಶರಣಶ್ರೇಷ್ಠ' ಎಂದರು. ಹಿರಿಯರೊಬ್ಬರು ಎರಡನ್ನೂ ಒಪ್ಪಲಿಲ್ಲ. "ಪಂಡಿತರೇ, ತಾವೇ ಬಲ್ಲಿರಿ. ದೀಕ್ಷೆ ಕೊಡುವವರು ಗುರುಗಳು. ಇವರು ಸಂಸಾರಸ್ಥರು, ಗಾಣಿಗರ ಮನೆಯವರು. ಪಾಠ ಹೇಳಿದರು, ಸರಿ. ಅದಕ್ಕೆ ಗುರು ಎಂದು ಕಲ್ಲಿನಲ್ಲಿ ಕೊರೆಸುವುದು ಪದ್ಧತಿಯೇ?" ಎಂದು ಅವರ ಪ್ರಶ್ನೆ. ನಾವು ಆಗ ಉತ್ತರ ಕೊಡಲಿಲ್ಲ. ಅದಕ್ಕೆ ಕಾರಣವಿದೆ, ಮುಂದೆ ಹೇಳುತ್ತೇವೆ.

ದಾವಣಗೆರೆಯಲ್ಲಿ ನಾವು ಇಳಿದುಕೊಂಡದ್ದು ಮಗಳ ಮನೆಯಲ್ಲಿ. ಬೆಳಗಿನ ಪೂಜೆ ಮುಗಿಸಿ ಹೊರಗೆ ಬಂದರೆ, ಹನ್ನೊಂದು ವರ್ಷದ ಮೊಮ್ಮಗ ಬಿಳಿಯ ಅಂಗಿ ಷರಾಯಿ ತೊಟ್ಟು, ನಡುವಿಗೆ ಹಳದಿ ಪಟ್ಟಿ ಬಿಗಿದು ನಿಂತಿದ್ದ. ಕರಾಟೆಯ ಪಾಠಕ್ಕೆ ಹೊರಟಿದ್ದನಂತೆ. ಜೊತೆಯಲ್ಲಿ ಹೋದೆವು. ಪಿ.ಜೆ. ಬಡಾವಣೆಯ ಒಂದು ಮಹಡಿಯ ಮೇಲೆ ಮೂವತ್ತು ಮಕ್ಕಳು ಸಾಲಾಗಿ ನಿಂತು, ಇಪ್ಪತ್ತೈದರ ಆಸುಪಾಸಿನ ಒಬ್ಬ ತರುಣನಿಗೆ ನಡು ಬಾಗಿಸಿ ನಮಸ್ಕರಿಸಿ, ಒಕ್ಕೊರಲಿನಿಂದ "ಸೆನ್ಸೈ" ಎಂದು ಕೂಗಿದರು. ಮನೆಯಲ್ಲಿ ಹತ್ತು ಸಲ ಕರೆದರೂ ಓಗೊಡದ ನಮ್ಮ ಮೊಮ್ಮಗನ ಬೆನ್ನು ಅಲ್ಲಿ ಬಿಲ್ಲಿನಂತೆ ಬಾಗಿದ್ದನ್ನು ಕಂಡು ನಮಗೆ ನಗೆಯೂ ಬಂತು, ಸ್ವಲ್ಪ ಅಸೂಯೆಯೂ ಆಯಿತು.

ಮಠದಲ್ಲಿ ಸಂಸ್ಕೃತ ಓದುತ್ತಿದ್ದ ಕಾಲದಿಂದಲೂ ಬೌದ್ಧ ಗ್ರಂಥಗಳ ಕಡೆಗೆ ನಮಗೆ ಒಂದು ಒಲವು. ಚೀನಾ ಜಪಾನುಗಳ ಗುರುವಾಚಕ ಶಬ್ದಗಳನ್ನು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದೆವು. 'ಸೆನ್ಸೈ' ಎಂಬುದನ್ನು ಎರಡು ಚೀನೀ ಅಕ್ಷರಗಳಲ್ಲಿ ಬರೆಯುತ್ತಾರೆ. ಮೊದಲನೆಯದಕ್ಕೆ 'ಮುಂಚೆ' ಎಂದೂ ಎರಡನೆಯದಕ್ಕೆ 'ಹುಟ್ಟು' ಎಂದೂ ಅರ್ಥ. ಮುಂಚೆ ಹುಟ್ಟಿದವನು, ನಮ್ಮ ಮಾತಿನಲ್ಲಿ ಹಿರಿಯನು. ಜಪಾನಿನಲ್ಲಿ ಶಾಲೆಯ ಉಪಾಧ್ಯಾಯ, ವೈದ್ಯ, ವಕೀಲ, ಸಾಹಿತಿ ಎಲ್ಲರೂ ಸೆನ್ಸೈಗಳೇ. ಅದೇ ಎರಡು ಅಕ್ಷರಗಳನ್ನು ಇಂದಿನ ಚೀನಾದಲ್ಲಿ 'ಶ್ಯೆನ್‌ಷೆಂಗ್' ಎಂದು ಓದಿದರೆ ಕೇವಲ 'ಶ್ರೀಯುತ' ಎಂದಷ್ಟೇ ಅರ್ಥವಾಗುತ್ತದೆ. ಪಾಠ ಹೇಳುವವರಿಗೆ ಅಲ್ಲಿ 'ಲಾವೊಷಿ' ಎನ್ನಬೇಕು. 'ಲಾವೊ' ಎಂದರೆ ಮುದುಕ, ಹಳಬ. ಆದರೆ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಇಪ್ಪತ್ತೆರಡರ ಹುಡುಗಿಯೂ ಮಕ್ಕಳ ಬಾಯಲ್ಲಿ ಲಾವೊಷಿಯೇ. ಈ ಲಾವೊಷಿಯ ಅಕ್ಷರಗಳನ್ನೇ ಜಪಾನಿನವರು 'ರೋಶಿ' ಎಂದು ಓದುತ್ತಾರೆ. ಅಲ್ಲಿ ಅದು ಪ್ರೈಮರಿ ಶಾಲೆಯ ಮಾತಲ್ಲ, ಝೆನ್ ಪಂಥದ ಮಹಾಗುರುವಿಗೆ ಸಲ್ಲುವ ಮಾತು. ಒಂದೇ ಬರಹ ಒಂದು ದೇಶದಲ್ಲಿ ಬೀದಿಗಿಳಿಯಿತು, ಇನ್ನೊಂದು ದೇಶದಲ್ಲಿ ಪೀಠವೇರಿತು.

ವಯಸ್ಸನ್ನು ಲೆಕ್ಕಿಸದೆ ಹಿರಿತನವನ್ನು ಕೊಡುವುದು ನಮಗೇನೂ ಹೊಸದಲ್ಲ. ಚೆನ್ನಬಸವಣ್ಣನವರು ಅಕ್ಕ ನಾಗಲಾಂಬಿಕೆಯ ಮಗ, ಬಸವಣ್ಣನವರಿಗೆ ಸೋದರಳಿಯ. ಆದರೂ ಹೆಸರಿನ ಕೊನೆಗೆ 'ಅಣ್ಣ' ನಿಂತಿದೆ. ಮಹಾದೇವಿಯವರು ಎಳೆಯ ಪ್ರಾಯದವರು, ಆದರೂ ನಮಗೆಲ್ಲ ಅಕ್ಕ. ಕಲ್ಯಾಣದ ಶರಣರು ದೊಡ್ಡವರನ್ನು ಕರೆಯಲು ಆಸ್ಥಾನದ ಬಿರುದುಗಳನ್ನು ಹುಡುಕಲಿಲ್ಲ. ಅಪ್ಪ, ಅಯ್ಯ, ಅಣ್ಣ, ಅಕ್ಕ, ತಂದೆ ಎಂದು ಮನೆಯೊಳಗಿನ ಮಾತುಗಳನ್ನೇ ಎತ್ತಿಕೊಂಡರು. ಮಾದಾರ ಚೆನ್ನಯ್ಯನವರನ್ನೂ ಡೋಹರ ಕಕ್ಕಯ್ಯನವರನ್ನೂ ಬಸವಣ್ಣನವರು ತಂದೆಯ ಸ್ಥಾನದಲ್ಲಿಟ್ಟು ಕರೆದುದನ್ನು ವಾಚಕರು ಬಲ್ಲರು. ಚೀನೀಯರಲ್ಲಿಯೂ 'ಷಿಫು' ಎಂಬ ಮಾತುಂಟು. ಗುರು ಎಂಬ ಅಕ್ಷರಕ್ಕೆ ತಂದೆ ಎಂಬ ಅಕ್ಷರವನ್ನು ಜೋಡಿಸಿ ಬರೆದರೆ ಅದು ದೀಕ್ಷೆ ಕೊಟ್ಟ ಸನ್ಯಾಸಿಗೆ, ವಿದ್ಯೆ ಕೊಟ್ಟ ಒಡೆಯನಿಗೆ ಸಲ್ಲುತ್ತದೆ. ಉಚ್ಚಾರ ಅದೇ ಇದ್ದು, ಎರಡನೆಯ ಅಕ್ಷರ ಬೇರೆಯಾದರೆ ಕಸುಬುದಾರನಿಗೆ ಸಲ್ಲುತ್ತದೆ. ಬಾಡಿಗೆ ಕಾರಿನ ಚಾಲಕನನ್ನೂ ಅಡಿಗೆಯವನನ್ನೂ ಅಲ್ಲಿ ಷಿಫು ಎಂದೇ ಕರೆಯುತ್ತಾರೆ.

ಆ ದಿನ ಮಧ್ಯಾಹ್ನ ನಗರವನ್ನು ಸುತ್ತಿದೆವು. ನಾವು ಉಚಿತ ಪ್ರಸಾದ ನಿಲಯದಲ್ಲಿದ್ದು ಓದಿದ ಊರು ಇದು. ಹತ್ತಿ ಗಿರಣಿಗಳ ಸಿಳ್ಳಿಗೆ ಏಳುತ್ತಿದ್ದ ಊರು ಈಗ ಕಾಲೇಜುಗಳ ಊರಾಗಿದೆ. ಮಂಡಿಪೇಟೆಯ ಗದ್ದಲ ಮಾತ್ರ ಹಾಗೆಯೇ ಇದೆ. ಬೆಣ್ಣೆದೋಸೆಯ ಹೋಟೆಲಿನಲ್ಲಿ ಕುಳಿತಾಗ ಯಜಮಾನರು ಒಳಗೆ ಮುಖ ಮಾಡಿ "ಭಟ್ರೇ, ಎರಡು ಖಾಲಿ" ಎಂದರು. ಭಟ್ಟ ಎಂದರೆ ಒಂದು ಕಾಲದಲ್ಲಿ ಮಹಾವಿದ್ವಾಂಸ. ಇಂದು ಹೆಂಚಿನ ಮುಂದೆ ನಿಂತವನು ಯಾವ ಕುಲದವನಾದರೂ ಭಟ್ಟನೇ. ಗರಡಿಮನೆಯಲ್ಲಿ ಪಟ್ಟು ಹೇಳಿಕೊಡುವವರನ್ನು ವಸ್ತಾದರು ಎನ್ನುತ್ತಾರೆ, ಅದು ಪಾರಸಿಯ ಉಸ್ತಾದ. ಮನೆ ಕಟ್ಟಿಸುವ ಮೇಸ್ತ್ರಿ ಪೋರ್ಚುಗೀಸರಿಂದ ಬಂದವನು, ಶಾಲೆಯ ಮೇಷ್ಟ್ರು ಇಂಗ್ಲಿಷರಿಂದ ಬಂದವರು. ಇವರಿಬ್ಬರ ಮೂಲವೂ ಲ್ಯಾಟಿನ್ ಭಾಷೆಯ ಒಂದೇ ಶಬ್ದ. ಗಾರೆಯವನೂ ಗಣಿತದವರೂ ದಾಯಾದಿಗಳು ಎಂದಾಯಿತು!

ವಿರಕ್ತಮಠದ ಮುಂದೆ ಸ್ವಲ್ಪ ಹೊತ್ತು ನಿಂತೆವು. 1913ರಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪರಿಪಾಠ ಮೊದಲಾದದ್ದು ಈ ಊರಿನಲ್ಲಿ. ಅದರ ಹಿಂದಿದ್ದವರು ಇಬ್ಬರು, ಮಠದ ಮೃತ್ಯುಂಜಯ ಅಪ್ಪಗಳು ಮತ್ತು ಹರ್ಡೇಕರ ಮಂಜಪ್ಪನವರು. ಮಂಜಪ್ಪನವರು ಮಠಾಧಿಪತಿಗಳಲ್ಲ, ಶಾಲಾಮಾಸ್ತರರಾಗಿ ಬದುಕು ಆರಂಭಿಸಿದವರು. ಪೀಠದಲ್ಲಿದ್ದವರನ್ನು ಜನರು 'ಅಪ್ಪ' ಎಂದರು, ಬಿಳಿ ಖಾದಿಯ ಮಾಸ್ತರರನ್ನು 'ಕರ್ನಾಟಕದ ಗಾಂಧಿ' ಎಂದರು. ಇಬ್ಬರಿಗೂ ಕೊಟ್ಟ ಹೆಸರುಗಳನ್ನು ಯಾರೂ ಸಭೆ ಕರೆದು ತೀರ್ಮಾನಿಸಲಿಲ್ಲ.

ಈಗಿನ ಆಮಂತ್ರಣ ಪತ್ರಿಕೆಗಳನ್ನು ನೋಡಿದರೆ ನಮಗೆ ಸಂಕೋಚವಾಗುತ್ತದೆ. ಶ್ರೀಕಾರವನ್ನು ನೂರೆಂಟು ಸಲ ಹೇಳಬೇಕೆಂಬ ಭಾವದಿಂದ 108 ಎಂಬ ಅಂಕೆ ಹುಟ್ಟಿತು, ಅದು ಸಾಲದೆಂದು 1008 ಆಯಿತು. ನಿರಂಜನ ಪ್ರಣವಸ್ವರೂಪಿ ಎಂಬುದು ಎಂತಹ ಗಂಭೀರವಾದ ಮಾತು! ಅದು 'ನಿ.ಪ್ರ.' ಎಂಬ ಎರಡು ಅಕ್ಷರಗಳಾಗಿ, ಅದರ ವಿಸ್ತಾರವೇನೆಂದು ಅಚ್ಚು ಹಾಕಿದವರೂ ಅರಿಯದಂತಾಗಿದೆ. ಇದನ್ನು ಬರೆದುದಕ್ಕೆ ಪೂಜ್ಯರು ಕ್ಷಮಿಸಬೇಕು. ನಾವೂ ಮಠದ ಅನ್ನ ಉಂಡವರೇ.

ಮರುದಿನ ಹರಿಹರದ ಬಸ್ಸು ಹತ್ತಿದೆವು. ಹಳೆಯ ಪುಣೆ-ಬೆಂಗಳೂರು ರಸ್ತೆಯಲ್ಲಿ ದೊಡ್ಡಬಾತಿಯ ಗುಡ್ಡವನ್ನು ದಾಟಿದರೆ ಹದಿನಾಲ್ಕು ಕಿಲೋಮೀಟರಿನ ದಾರಿ ಮುಗಿದೇ ಹೋಗುತ್ತದೆ. 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹರಿಹರಕ್ಕೆ ಅನ್ನವಿತ್ತಿತ್ತು. ಇಲ್ಲಿಯ ಲೇತ್ ಯಂತ್ರಗಳಿಗೆ ದೇಶದಲ್ಲೆಲ್ಲ ಹೆಸರಿತ್ತು. ಅದು ಮುಚ್ಚಿ ಬಹುಕಾಲವಾಯಿತು. ಬಸ್ಸಿನಲ್ಲಿ ನಮ್ಮ ಪಕ್ಕದಲ್ಲಿ ಕುಳಿತಿದ್ದ ವೃದ್ಧರು ಅಲ್ಲಿ ದುಡಿದವರು. ತಮಗೆ ಕೆಲಸ ಕಲಿಸಿದವರನ್ನು ನೆನೆದು "ನಮ್ಮ ಗುರುಗಳು ಕಣ್ಣಳತೆಯಲ್ಲೇ ಹೇಳೋರು, ಇದು ಒಂದು ಕೂದಲೆಳೆ ಜಾಸ್ತಿ ಐತಿ ಅಂತ" ಎಂದರು. ಕಾರ್ಖಾನೆಯ ಕೆಲಸಗಾರನೊಬ್ಬ ತನಗೆ ಕಬ್ಬಿಣ ಕೊರೆಯಲು ಕಲಿಸಿದವನಿಗೆ 'ಗುರು' ಎಂದುದನ್ನು ಯಾವ ಹಿರಿಯರೂ ಪ್ರಶ್ನಿಸಿರಲಿಲ್ಲ.

ಫಲಕದ ಕೆಲಸಕ್ಕೆ ಮುನ್ನ ಹರಿಹರೇಶ್ವರ ದೇವಾಲಯಕ್ಕೆ ಹೋದೆವು. ಸ್ಥಾವರದ ಪೂಜೆಗೆಂದು ಹೋದವರಲ್ಲ, ಶಾಸನಗಳ ಮೋಹ ನಮ್ಮನ್ನು ಎಳೆಯಿತು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1223-24ರ ಸುಮಾರಿನಲ್ಲಿ ಕಟ್ಟಿಸಿದ ಗುಡಿ ಇದು. 1268ರಲ್ಲಿ ಸೋಮ ದಂಡನಾಯಕ ಇನ್ನಷ್ಟು ಸೇರಿಸಿದ. ತುಂಗಭದ್ರೆಗೆ ಹರಿದ್ರಾ ಹೊಳೆ ಕೂಡುವ ಈ ಊರಿನ ಹಳೆಯ ಹೆಸರು ಕೂಡಲೂರು. ಅರ್ಧ ಶಿವ, ಅರ್ಧ ವಿಷ್ಣುವಾದ ಮೂರ್ತಿ ಒಳಗಿದೆ. ಹೊರಗೆ, ತಿರುಗಣಿಯಲ್ಲಿ ಕಡೆದಂತೆ ನುಣುಪಾದ ಕಂಬಗಳ ನಡುವೆ ಕುಳಿತು ನಾವು ಕೆತ್ತಿದವರನ್ನು ನೆನೆದೆವು.

ಹೊಯ್ಸಳರ ಕಾಲದ ಶಿಲ್ಪಿಗಳ ಹೆಸರು ಎಷ್ಟೋ ಕಡೆ 'ಓಜ' ಎಂದು ಮುಗಿಯುತ್ತದೆ. ಬೇಲೂರಿನಲ್ಲಿ ಕೆಲಸ ಮಾಡಿದ ಬಳ್ಳಿಗಾವೆಯ ದಾಸೋಜ ಪ್ರಸಿದ್ಧನು. ಈ ಓಜ ಎಂಬುದು ಸಂಸ್ಕೃತದ ಉಪಾಧ್ಯಾಯ ಶಬ್ದ ಪ್ರಾಕೃತದಲ್ಲಿ ಸವೆದು ಉಳಿದ ರೂಪ. ಇದೇ ಉಪಾಧ್ಯಾಯ ಶಬ್ದ ಬೌದ್ಧ ಭಿಕ್ಷುಗಳ ಜೊತೆಗೆ ಬಡಗಣ ದಾರಿ ಹಿಡಿದು, ಮಧ್ಯ ಏಷ್ಯದ ಬಾಯಿಗಳಲ್ಲಿ ತಿರುಗಿ, ಚೀನಾ ಸೇರಿ 'ಹೆಷಾಂಗ್' ಆಯಿತೆಂದು ವಿದ್ವಾಂಸರು ಹೇಳುತ್ತಾರೆ. ಜಪಾನಿನಲ್ಲಿ ಅದೇ ಅಕ್ಷರಗಳು 'ಓಶೋ' ಆದವು. ಪುಣೆಯ ಆಶ್ರಮದವರು 1989ರಲ್ಲಿ ಇಟ್ಟುಕೊಂಡ ಹೆಸರಿನಿಂದ ಈ ಮಾತು ನಮ್ಮ ಮನೆಗಳಿಗೂ ತಿಳಿದಿದೆ, ಆದರೆ ಅದು ಝೆನ್ ಸನ್ಯಾಸಿಗಳಿಗೆ ಬಹುಕಾಲದಿಂದ ಸಲ್ಲುತ್ತಿದ್ದ ಗೌರವಪದ. ಆಚಾರ್ಯ ಶಬ್ದವೂ ಹಾಗೆಯೇ. ಜಪಾನಿನಲ್ಲಿ ಅದು 'ಅಜಾರಿ' ಎಂದಾಗಿ ಮಂತ್ರದೀಕ್ಷೆ ಕೊಡುವ ಗುರುವಿನ ಪದವಿಯಾಯಿತು. ನಮ್ಮಲ್ಲಿ ಆಚಾರಿ ಎಂದರೆ ಬಾಗಿಲು ಕಿಟಕಿ ಮಾಡುವ ಬಡಗಿ, ಬೆಂಡೋಲೆ ಮಾಡುವ ಅಕ್ಕಸಾಲಿಗ. (ಹುಬ್ಬಳ್ಳಿ ಗದಗಿನ ಕಡೆ ಸ್ವಾಮಿಗಳನ್ನು ಅಜ್ಜಾರು ಎನ್ನುವುದಕ್ಕೂ ಅಜಾರಿಗೂ ನಂಟು ಕಟ್ಟಲು ಯಾರೂ ಹೋಗಬಾರದು. ಅಜ್ಜ ನಮ್ಮ ಅಚ್ಚಗನ್ನಡದ ಅಜ್ಜ.) ಒಂದೇ ತಾಯಿಯ ಮಕ್ಕಳು ಹೀಗೆ ಚದುರಿದರು. ಕಡಲಾಚೆಗೆ ಹೋದವರು ಕಾವಿ ಉಟ್ಟರು, ಇಲ್ಲಿ ಉಳಿದವರು ಉಳಿ ಹಿಡಿದರು. ಕಾಯಕವನ್ನು ಕೈಲಾಸವೆಂದವರ ನಾಡಿನಲ್ಲಿ ಉಳಿ ಹಿಡಿದ ಉಪಾಧ್ಯಾಯನು ಕೆಳಗಿಳಿದನೆಂದು ಹೇಳಲು ನಮಗೆ ಮನಸ್ಸು ಬರುವುದಿಲ್ಲ.

ಜಪಾನಿನ ಕೂಕಾಯ್ ಎಂಬ ಯತಿ 804ರಲ್ಲಿ ಚೀನಾಕ್ಕೆ ಹೋಗಿ ಮಂತ್ರಶಾಸ್ತ್ರವನ್ನೂ ಸಂಸ್ಕೃತವನ್ನೂ ಕಲಿತು ಬಂದವರು. 835ರಲ್ಲಿ ತೀರಿಕೊಂಡರು. 'ಕೋಬೋ ದೈಶಿ', ಅಂದರೆ ಧರ್ಮವನ್ನು ಹರಡಿದ ಮಹಾಗುರು ಎಂಬ ಬಿರುದನ್ನು ಅಲ್ಲಿಯ ಚಕ್ರವರ್ತಿ ಕೊಟ್ಟದ್ದು 921ರಲ್ಲಿ. ಎಂಬತ್ತಾರು ವರ್ಷ ಕಾದು ಕೊಟ್ಟ ಮಾತು ಇಂದಿಗೂ ನಿಂತಿದೆ. ನಾವು ಒಂಬತ್ತೇ ವರ್ಷಕ್ಕೆ ಜಗಳಕ್ಕೆ ಕುಳಿತಿದ್ದೆವು.

ಇನ್ನು ನಮ್ಮ ಮಾತು. ಮೇಷ್ಟ್ರು ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆಯ ಮನೆಯಲ್ಲಿದ್ದರು. ಹಗಲು ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುವರು, ಸಂಜೆ ನಿಲಯದ ಹುಡುಗರಿಗೆ ಕಾಸು ಪಡೆಯದೆ ಪಾಠ ಹೇಳುವರು. ಹರಪನಹಳ್ಳಿ ಸೀಮೆಯಿಂದ ಬಂದ ನಮಗೆ ಸಂಧಿ ಸಮಾಸಗಳ ರುಚಿ ಹತ್ತಿಸಿದವರು ಅವರೇ. ನಮ್ಮನ್ನು "ಏನಪ್ಪಾ, ಉಂಡೆಯೇನೋ" ಎಂದು ಏಕವಚನದಲ್ಲಿ ಮಾತನಾಡಿಸುತ್ತಿದ್ದರು. ಮುಂದೆ ನಾವು ದೊಡ್ಡ ಮಠವೊಂದರಲ್ಲಿ ಓದಿ ವಿದ್ವತ್ ಪದವಿ ಪಡೆದು ಬಂದೆವು. ಊರಿನವರು ಸನ್ಮಾನ ಮಾಡಿದರು. ವೇದಿಕೆಯ ಮೇಲಿಂದ ನಾವು ನಮ್ಮ ಮಠದ ಗುರುಗಳನ್ನು ಎಲ್ಲ ಬಿರುದುಗಳಿಂದ ಸ್ಮರಿಸಿ, ಕೊನೆಗೆ ಮುಂದಿನ ಸಾಲಿನತ್ತ ಕೈ ತೋರಿ "ಚಿಕ್ಕಂದಿನಲ್ಲಿ ನಮಗೆ ಅಷ್ಟಿಷ್ಟು ಹೇಳಿಕೊಟ್ಟ ಮೇಷ್ಟ್ರೂ ಬಂದಿದ್ದಾರೆ" ಎಂದೆವು. ಪ್ರಾಯದ ಮದ. ಹೇಳಿದ ಮಾತು ತಪ್ಪೆಂದು ಹೊಳೆಯಲೂ ಇಲ್ಲ. ಸಭೆ ಮುಗಿದ ಮೇಲೆ ಅವರು ಹತ್ತಿರ ಬಂದು ಕೈಮುಗಿದು, "ಚೆನ್ನಾಗಿ ಮಾತಾಡಿದಿರಿ, ಪಂಡಿತರೇ" ಎಂದರು. ಅದೇ ಮೊದಲು, ಅವರ ಬಾಯಲ್ಲಿ ನಮಗೆ ಬಹುವಚನ. ಮುಂದೆ ಅವರಿರುವವರೆಗೂ ನಾವು ಪಂಡಿತರಾಗಿಯೇ ಉಳಿದೆವು, 'ಏನಪ್ಪಾ' ಎಂಬುದು ಮರಳಿ ಬರಲಿಲ್ಲ. ಅವರು ಕೋಪದಿಂದ ಹಾಗೆ ಕರೆದರೆಂದು ನಾವು ತಿಳಿದಿಲ್ಲ, ಅವರದು ಅಂತಹ ಸ್ವಭಾವವಲ್ಲ. ಗೌರವದ ಮಾತೊಂದು ನಡುವೆ ಬಂದು ನಿಂತಿತು, ಅಷ್ಟೇ. ಅದನ್ನು ತಂದು ನಿಲ್ಲಿಸಿದವರು ನಾವು.

ಹಿರಿಯರ ಪ್ರಶ್ನೆಗೆ ನಾವು ಉತ್ತರ ಕೊಡದಿದ್ದುದು ಇದಕ್ಕೇ. ನಲವತ್ತು ವರ್ಷಗಳ ಹಿಂದೆ ಅವರ ಮಾತನ್ನೇ ನಾವು ವೇದಿಕೆಯ ಮೇಲೆ ಆಡಿದ್ದೆವು.

ಸಂಜೆ ಕಲ್ಲುಕುಟಿಗರ ಚಪ್ಪರದಲ್ಲಿ ಎಲ್ಲರೂ ಸೇರಿದೆವು. ಹಿರಿಯರೂ ಬಂದಿದ್ದರು. 'ಶ್ರೀ ಗುರು' ಎಂದು ಬರೆಸಿ ಅವರನ್ನು ನೋಯಿಸುವುದೂ ನಮಗೆ ಬೇಡವಾಗಿತ್ತು, ಸತ್ತವರ ಹೆಸರಿನಿಂದ ನಮ್ಮ ಪಾಪವನ್ನು ತೊಳೆದುಕೊಳ್ಳುವುದೂ ಬೇಡವಾಗಿತ್ತು. ಊರಿನ ಮಕ್ಕಳು ಅವರನ್ನು ಏನೆಂದು ಕರೆಯುತ್ತಿದ್ದರೆಂದು ಕೇಳಿದೆವು. "ಇನ್ನೇನಂತಾರೆ, ಮೇಷ್ಟ್ರು ಅಂತಾರೆ" ಎಂದರು ಹಿರಿಯರೇ. ಹಾಗಾದರೆ ಅದೇ ಇರಲಿ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಳಗೆ ವಚನಗಳನ್ನು ಕಲಿಸಿದವರು ಅಂತ ಒಂದು ಸಾಲು ಸೇರಿಸ್ರಿ. ನಮ್ಮ ಹುಡುಗನೂ ಅವರ ಹತ್ತಿರವೇ ಕಲಿತದ್ದು" ಎಂದರು.

ಕುಟಿಗನು ಕಾಗದವನ್ನು ಇಸಿದುಕೊಂಡು ಅಕ್ಷರಗಳನ್ನು ಎಣಿಸತೊಡಗಿದ. ಅಕ್ಷರಕ್ಕಿಷ್ಟು ಎಂದು ಅವನ ಕೂಲಿ. ಕೊನೆಯಲ್ಲಿ ಶಿಷ್ಯರ ಹೆಸರುಗಳಿದ್ದವು, ನಮ್ಮ ಹೆಸರಿನ ಹಿಂದೆ ಯಾರೋ 'ವಿದ್ವಾನ್' ಎಂದು ಬರೆದಿದ್ದರು. ಲೇಖನಿ ತೆಗೆದು ಅದನ್ನು ಹೊಡೆದುಹಾಕಿದೆವು. ಅವನು ತಲೆ ಎತ್ತಿ, "ಇದು ಬ್ಯಾಡ್ವಾ ಯಜಮಾನ್ರೆ? ಬೇಕಾದ್ರೆ ಇದಕ್ಕೆ ದುಡ್ಡು ಹಿಡಿಯಲ್ಲ" ಎಂದ.

ಬೇಡವೆಂದೆವು. ಅವನು ಮತ್ತೆ ಮೊದಲಿನಿಂದ ಎಣಿಸಿದ.